ವಿರೂಪಣ್ಣ ಬಡಿದ ಕೊಂಡಿ

ಮಾನ್ವಿಯಲ್ಲಿ ಭತ್ತದ ವ್ಯಾಪಾರ ಮಾಡಿಕೊಂಡಿದ್ದ ವಿರೂಪಣ್ಣನಿಗೆ ಶಿವನು ಒಳ್ಳೆಯ ಮಾತು, ಒಳ್ಳೆಯ ಹಸಿವು, ಒಳ್ಳೆಯ ಹೆಂಡತಿ ಎಲ್ಲವನ್ನೂ ಕೊಟ್ಟಿದ್ದನು. ಕೈಗೆಲಸ ಒಂದನ್ನು ಮಾತ್ರ ಕೊಡಲು ಮರೆತಿದ್ದನು. ಒಂದು ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡಿ ಅದರಲ್ಲಿ ನುಚ್ಚು ಎಷ್ಟು ಬಂದೀತೆಂದು ಹೇಳಬಲ್ಲ ಮನುಷ್ಯ, ಗೋಡೆಗೆ ಮೊಳೆ ಬಡಿದರೆ ಅದು ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಅವನು ತೂಗುಹಾಕಿದ ಕ್ಯಾಲೆಂಡರು ಯುಗಾದಿಗೆ ಮೊದಲೇ ನೆಲ ಸೇರುತ್ತಿತ್ತು. ದೇವರ ಕೋಣೆಯಲ್ಲಿ ಅವನು ಕೂಡಿಸಿದ ಹಲಗೆಯ ಮೇಲೆ ವಿಭೂತಿಗಟ್ಟಿ ಇಟ್ಟರೆ ಅದು ಮೆಲ್ಲಗೆ ಜಾರುತ್ತ ಅಂಚಿಗೆ ಬಂದು ನಿಲ್ಲುತ್ತಿತ್ತು.

"ನಿಮ್ಮ ಕೈಯಾಗ ಸುತ್ತಿಗಿ ಕಂಡ್ರ ಗೋಡಿ ತಾನ ಹಿಂದಕ್ಕ ಸರೀತದ ನೋಡ್ರಿ," ಎಂದು ಹೆಂಡತಿ ವೀರಭದ್ರಮ್ಮ ನಗುತ್ತಿದ್ದಳು.

ಅಂಥ ವಿರೂಪಣ್ಣ ಒಂದು ಕೆಲಸವನ್ನು ಮಾತ್ರ ಗಟ್ಟಿಯಾಗಿ ಮಾಡಿದ್ದ. ಮಗ ಬಸವಪ್ರಸಾದನ ಮದುವೆಯಾದ ಹೊಸದರಲ್ಲಿ, ಹೊಸ ಜೋಡಿ ಬೀಗರ ಮನೆಗೂ ವೀರಭದ್ರಮ್ಮ ತಂಗಿಯನ್ನು ಕಾಣಲು ಕುರ್ಡಿಗೂ ಹೋಗಿದ್ದಾಗ, ಪಡಸಾಲೆಯ ನಡುತೊಲೆಗೆ ಒಂದು ಕಬ್ಬಿಣದ ಕೊಂಡಿ ಹಾಕಿದ್ದ. ಆಕೆ ಮರಳಿ ಬಂದಾಗ ಅವನು ಕೊಂಡಿಯ ಕೆಳಗೆ ಮಣೆ ಹಾಕಿಕೊಂಡು, ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡು, ರಾಜನ ಹಾಗೆ ಕುಳಿತಿದ್ದ.

"ಮೊಮ್ಮಗನ ತೊಟ್ಟಿಲಿಗಿ," ಎಂದ. "ಯಾರ ಕೈನೂ ಹಚ್ಚಿಸಿಲ್ಲ. ನಾನ ಬಡದೀನಿ."

"ಅಯ್ಯ ಶಿವನ! ಹುಡುಗಿ ಇನ್ನಾ ಟ್ರಂಕ್ ಬಿಚ್ಚಿಲ್ರಿ. ಆಗ್ಲೇ ತೊಟ್ಟಿಲೇನು?"

"ಬರೋರಿಗಿ ಜಾಗಾ ತೋರಿಸಿ ಇಟ್ಟೀನಿ. ಅವರು ನಿಧಾನಕ್ಕ ಬರಲಿ."

ಅವರು ನಿಧಾನಕ್ಕೇ ಬಂದರು. ವಿರೂಪಣ್ಣನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಶ್ರಾವಣದ ಒಂದು ಸೋಮವಾರ ಲಿಂಗಪೂಜೆ ಮುಗಿಸಿ, "ಸ್ವಲ್ಪ ಅಡ್ಡಾಗ್ತೀನಿ" ಎಂದು ಮಲಗಿದವನು ಮತ್ತೆ ಏಳಲಿಲ್ಲ. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಶರಣರ ಸಾವು ಎಂದು ಬಂದವರೆಲ್ಲ ಹೇಳಿದರು. ವೀರಭದ್ರಮ್ಮನೂ ಹೌದೆಂದಳು. ಆದರೆ ನಸುಕಿನಲ್ಲಿ ಎದ್ದು ಪಡಸಾಲೆ ಗುಡಿಸುವಾಗ ಕಸಬರಿಗೆ ತಾನಾಗಿ ನಿಂತುಬಿಡುತ್ತಿತ್ತು. ಕತ್ತೆತ್ತಿ ಕೊಂಡಿಯನ್ನು ನೋಡುತ್ತಿದ್ದಳು. ಅವನು ಹೊಡೆದ ಮೊಳೆಗಳು ಆ ವರ್ಷ ಒಂದೊಂದಾಗಿ ಉದುರಿದ್ದವು. ದೇವರ ಕೋಣೆಯ ಹಲಗೆ ಸುಣ್ಣ ಬಳಿಯುವಾಗ ಕಳಚಿ ಬಂದಿತ್ತು. ಅವನ ಕೈಯ ಕೆಲಸವೆಂದು ಮನೆಯಲ್ಲಿ ಉಳಿದದ್ದು ಅದೊಂದೇ.

ಮರುವರ್ಷ ಸೊಸೆ ಕಾವ್ಯಾ ದೇವದುರ್ಗದ ತವರಿನಲ್ಲಿ ಹೆಣ್ಣು ಹೆತ್ತಳು. ಅಲ್ಲಿಯೇ ಹೆಸರಿಟ್ಟರು: ನೀಲಾಂಬಿಕೆ. ಕರೆಯಲು ನೀಲಾ. ಐದನೆಯ ತಿಂಗಳಲ್ಲಿ ತಾಯಿ ಮಗುವನ್ನು ಅತ್ತೆಯ ಮನೆಗೆ ಕಳಿಸುವ ದಿನ ಬಂತು. ಕಾವ್ಯಾಳ ತಾಯಿ ವಿಜಯಲಕ್ಷ್ಮಿ ಜೀಪು ಮಾಡಿಕೊಂಡು, ಮಗಳು ಮೊಮ್ಮಗಳ ಜೊತೆಗೆ ಕೆಂಪು ಹಸಿರು ಬಣ್ಣದ ಸಾಗವಾನಿ ತೊಟ್ಟಿಲನ್ನೂ ತಂದು ಇಳಿಸಿದಳು. ಅದರ ಹಿಂದೆಯೇ ಮಡಚಿದ ಒಂದು ಕಬ್ಬಿಣದ ಸ್ಟ್ಯಾಂಡೂ ಇಳಿಯಿತು.

ವೀರಭದ್ರಮ್ಮ ಅದನ್ನು ನೋಡಿದಳು. "ಇದೇನು ಕಾಲು ಚಾಚಿಕೊಂಡು ಬಂದದ?"

"ತೊಟ್ಟಿಲ ಕಟ್ಟೋ ಸ್ಟ್ಯಾಂಡ್ ರೀ ಅತ್ತಿ," ಎಂದಳು ಕಾವ್ಯಾ. "ಇರಲಿ ಅಂತ ತಂದೀನಿ."

"ಮ್ಯಾಲ ನೋಡು," ಎಂದಳು ಅತ್ತೆ.

ಕಾವ್ಯಾ ಮೇಲೆ ನೋಡಿದಳು. ಆಕೆ ರಾಯಚೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ಬಾಣಂತನದ ರಜೆಯಲ್ಲಿದ್ದಳು. ಮಾವ ಹೊಡೆದ ಮೊಳೆಗಳ ಕಥೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ಮದುವೆಯ ಫೋಟೋ ಅವನ ಮೊಳೆಯಿಂದಲೇ ಒಮ್ಮೆ ಬಿದ್ದು ಗಾಜು ಒಡೆದಿತ್ತು. ಆಕೆ ಅತ್ತೆಯ ಮುಖ ನೋಡಿದಳು. ಗಂಡನ ಕಡೆ ತಿರುಗಿದಳು. ಬಸವಪ್ರಸಾದ ಕೂಡಲೇ ಜೀಪಿನವನಿಗೆ ನೀರು ಕೊಡುವ ನೆವದಿಂದ ಹೊರಗೆ ನಡೆದ.

ತೊಟ್ಟಿಲನ್ನು ಸರಪಳಿಯಿಂದ ಕೊಂಡಿಗೆ ಕಟ್ಟಿದರು. ಆದರೆ ಕಟ್ಟಿದ ಕೂಡಲೇ ಕೂಸನ್ನು ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮೊದಲು ಗುಂಡಪ್ಪ ಮಲಗಬೇಕು. ಗುಂಡಪ್ಪನೆಂದರೆ ರುಬ್ಬುವ ಒರಳಿನ ಗುಂಡುಕಲ್ಲು. ಅದನ್ನು ತೊಳೆದು, ವಿಭೂತಿ ಹಚ್ಚಿ, ಕೂಸಿನ ಕುಲಾವಿ ತೊಡಿಸಿ, ಮುತ್ತೈದೆಯರು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸಿ, ಒಳಗೆ ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆ ಅದು.

ಪಕ್ಕದ ಮನೆಯ ಗೋಪಮ್ಮ ಕರೆಯದೆಯೇ ಬಂದಿದ್ದಳು. ಆಕೆ ಒಂದು ಕಡೆ, ವಿಜಯಲಕ್ಷ್ಮಿ ಇನ್ನೊಂದು ಕಡೆ ನಿಂತರು.

"ಎಷ್ಟು ಭಾರ ಅದಾನಬೇ ನಿಮ್ಮ ಗುಂಡಪ್ಪ!" ಎಂದು ಗೋಪಮ್ಮ ಏದುಸಿರು ಬಿಟ್ಟಳು. "ಏನು ತಿನ್ನಿಸಿ ಬೆಳಸೀರಿ?"

"ಈ ಮನ್ಯಾಗ ತಿಂದವರು ಹಗುರ ಇರಂಗಿಲ್ಲ," ಎಂದಳು ವೀರಭದ್ರಮ್ಮ. ಬಹಳ ದಿನಗಳ ಮೇಲೆ ಆಕೆಯ ಬಾಯಲ್ಲಿ ಬಂದ ತಮಾಷೆ ಅದು.

ಕಲ್ಲು ತೊಟ್ಟಿಲಲ್ಲಿ ಕುಳಿತಿತು. ಸರಪಳಿ ಬಿಗಿಯಾಯಿತು. ಎಲ್ಲರೂ ಮೇಲೆ ನೋಡಿದರು. ಕೊಂಡಿ ಅಲುಗಲಿಲ್ಲ.

"ಹಿಡೀತು!" ಎಂದಳು ಗೋಪಮ್ಮ.

"ನಾ ಹೇಳಿದ್ದಿಲ್ಲೇನು?" ವೀರಭದ್ರಮ್ಮನ ಕಣ್ಣು ತುಂಬಿದವು. "ಈಗ ಕೂಸಿನ್ನ ಕೊಡು ಕಾವ್ಯಾ. ಅವರ ಕೊಂಡಿಗಿ ಅವರ ಮೊಮ್ಮಗಳು."

ಕಾವ್ಯಾ ಮಗುವನ್ನು ಎದೆಗೆ ಒತ್ತಿಕೊಂಡಳು. "ಅತ್ತಿ, ಒಂದೀಟು ತಡೀರಿ. ಗುಂಡಪ್ಪನ್ನ ಯಾರೂ ತೂಗಿಲ್ಲ."

"ಕಲ್ಲಿಗಿ ಯಾರು ತೂಗ್ತಾರ? ನಿದ್ದಿ ಬರಬೇಕೇನು ಅದಕ್ಕ?"

"ಕೂಸಿನ್ನ ತೂಗ್ತೀವಲ್ರಿ. ಸುಮ್ಮನ ಜೋತು ಬಿದ್ದಾಗ ಕೊಂಡಿಗಿ ಕಲ್ಲಿನ ಭಾರ ಅಷ್ಟ. ತೂಗಿದಾಗ ಅದಕ್ಕಿಂತ ಹೆಚ್ಚಿಗಿ ಬೀಳ್ತದ."

ಗೋಪಮ್ಮ ಗದ್ದಕ್ಕೆ ಕೈ ಹಚ್ಚಿದಳು. "ಏನು ತಂಗಿ, ಓಡಾಡಿದ್ರ ಕಲ್ಲು ದಪ್ಪ ಆಗ್ತದೇನು? ನಾವು ಓಡಾಡಿದ್ರ ಸಣ್ಣಗಾಗ್ತೀವಿ ಅಂತಾರ ಡಾಕ್ಟ್ರು."

ವಿಜಯಲಕ್ಷ್ಮಿ ಸೆರಗಿನಲ್ಲಿ ನಕ್ಕಳು. ವೀರಭದ್ರಮ್ಮ ನಗಲಿಲ್ಲ. ಸೊಸೆ ಪರೀಕ್ಷೆ ಮಾಡಲು ಹೊರಟಿರುವುದು ಕೊಂಡಿಯನ್ನಲ್ಲ, ತೀರಿಹೋದ ಮನುಷ್ಯನನ್ನು ಎಂದು ಆಕೆಗೆ ಅನ್ನಿಸಿತು. ಮುಖ ಬಿಗಿದುಕೊಂಡು ನಿಂತಳು.

ಕಾವ್ಯಾ ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಒಂದು ತಂಬಿಗೆಯಲ್ಲಿ ನೀರು ತುಂಬಿ, ಅದರ ಬಾಯಿಗೆ ಬಟ್ಟೆ ಬಿಗಿದು, ಟವೆಲಿನ ತುದಿಗೆ ಗಂಟು ಹಾಕಿ ಅತ್ತೆಯ ಮುಂದೆ ಹಿಡಿದಳು. "ಹಿಡೀರಿ ಅತ್ತಿ. ಕಣ್ಣು ಮುಚ್ಚರಿ."

"ನನಗೇನು ಇಸ್ಕೂಲು ಹಚ್ಚಾಕತ್ತೀಯೇನು?"

"ಇದೊಂದ ಸಲ ರೀ."

ವೀರಭದ್ರಮ್ಮ ಟವೆಲಿನ ಇನ್ನೊಂದು ತುದಿ ಹಿಡಿದು ಕಣ್ಣು ಮುಚ್ಚಿದಳು. ತಂಬಿಗೆ ಸುಮ್ಮನೆ ಜೋತುಬಿದ್ದಿತ್ತು. ಕಾವ್ಯಾ ಅದನ್ನು ಪಕ್ಕಕ್ಕೆ ಎತ್ತಿ ಬಿಟ್ಟಳು. ಅದು ಕೆಳಗಿಳಿದು ನಡುವಿಗೆ ಬಂದಾಗ ಯಾರೋ ಕೈಯನ್ನು ಒಮ್ಮೆ ಜಗ್ಗಿದ ಹಾಗಾಯಿತು. ಆಚೆ ಏರಿದಾಗ ಹಗುರಾಯಿತು. ಮತ್ತೆ ಇಳಿಯಿತು, ಮತ್ತೆ ಜಗ್ಗಿತು.

"ನಡುವಿಗಿ ಬಂದಾಗ ಜಗ್ಗತದ," ಎಂದಳು ವೀರಭದ್ರಮ್ಮ, ಕಣ್ಣು ತೆರೆಯದೆ.

"ಹೌದ್ರಿ. ಪಕ್ಕಕ್ಕ ಎಳದು ಎತ್ತಿದಾಗ ನಾವು ಪಟ್ಟ ಶ್ರಮ ಆ ಎತ್ತರದಾಗ ಕುಂತಿರ್ತದ. ಕೈ ಬಿಟ್ರ ಅದ ವೇಗ ಆಗಿ ಇಳೀತದ. ನಡುವಿಗಿ ಬಂದಾಗ ಎತ್ತರ ಎಲ್ಲಾ ಮುಗದು ಬರೇ ವೇಗ. ಅಷ್ಟು ವೇಗದಾಗ ಬರೋ ವಸ್ತುನ್ನ ಕೈ ಹಿಡಕೊಂಡು ಮತ್ತ ಮ್ಯಾಲಕ್ಕ ತಿರುಗಿಸಬೇಕು. ಅದಕ್ಕ ಜಗ್ಗತದ. ಆಚಿ ಕಡಿ ಏರಿದಂಗ ವೇಗ ಮತ್ತ ಎತ್ತರ ಆಗ್ತದ. ಶ್ರಮ ಎಲ್ಲಿಗೂ ಹೋಗಂಗಿಲ್ಲ ಅತ್ತಿ, ವೇಷ ಬದಲಿಸ್ತದ ಅಷ್ಟ." ಕಾವ್ಯಾ ಮೆಲ್ಲನೆ ಹೇಳಿದಳು. "ಹಂಗ ನೋಡಿದ್ರ ಮಾವನವರೂ..."

"ಅವರು ಎಲ್ಲಿಗಿ ಹೋಗ್ಯಾರಂತ ನನಗ ಗೊತ್ತದ," ಎಂದಳು ವೀರಭದ್ರಮ್ಮ. "ಶಿವನ ಪಾದದಾಗ ಅದಾರ. ನೀ ತೊಟ್ಟಿಲದಷ್ಟ ಹೇಳು."

ಕಾವ್ಯಾ ತಲೆ ತಗ್ಗಿಸಿದಳು. "ಆತ್ರಿ. ತೊಟ್ಟಿಲದಷ್ಟ."

ತೊಟ್ಟಿಲ ಕೆಳಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹಾಸಿದರು. ವಿಜಯಲಕ್ಷ್ಮಿ ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಳು. ತಾನೇ ಎಳೆಯುತ್ತೇನೆಂದು ವೀರಭದ್ರಮ್ಮ ಮುಂದೆ ಬಂದಳು. ಗಂಡನ ಕೆಲಸವನ್ನು ಪರೀಕ್ಷಿಸುವುದೇ ಆದರೆ ಆ ಕೈ ಬೇರೆಯವರದಾಗಬಾರದು. ತೊಟ್ಟಿಲ ಅಂಚನ್ನು ಹಿಡಿದು ಪಕ್ಕಕ್ಕೆ ಎಳೆದಳು. ಮೊದಲು ಸುಲಭವಾಗಿ ಬಂತು. ಮೇಲೇರಿದಂತೆಲ್ಲ ಒಲ್ಲೆನೆಂಬ ಎತ್ತಿನ ಹಾಗೆ ಹಿಂದಕ್ಕೆ ಜಗ್ಗತೊಡಗಿತು. ಎದೆಯ ಮಟ್ಟಕ್ಕೆ ಬಂದಾಗ ತೋಳು ನಡುಗಿದವು.

"ಇಷ್ಟು ಎತ್ತರ ಯಾರು ತೂಗ್ತಾರ?" ಎಂದಳು ಗೋಪಮ್ಮ.

"ನಿಮ್ಮ ಮೊಮ್ಮಕ್ಕಳು ಬಂದ್ರ ತೂಗ್ತಾರ ರೀ," ಎಂದಳು ಕಾವ್ಯಾ. ತನ್ನ ಮೊಮ್ಮಕ್ಕಳು ಎಂಥವರೆಂದು ಗೋಪಮ್ಮನಿಗೆ ಗೊತ್ತಿತ್ತು.

"ಶಿವಾ," ಎಂದು ವೀರಭದ್ರಮ್ಮ ಕೈ ಬಿಟ್ಟಳು.

ಗುಂಡಪ್ಪ ಕುಲಾವಿ ಹಾಕಿಕೊಂಡು ಭರ್ರೆಂದು ಇಳಿದ. ನಡುವಿಗೆ ಬಂದಾಗ ಮೇಲೆ ಕಿರ್ರೆಂದು ಸದ್ದಾಯಿತು. ಆಚೆ ಹೋಗಿ ತಿರುಗಿ ಬಂದ. ಮತ್ತೆ ಕಿರ್ರೆಂದಿತು. ಮೂರನೆಯ ಸಲ ಸದ್ದಿನ ಜೊತೆಗೆ ತೊಲೆಯ ಪಕ್ಕದಿಂದ ಸಣ್ಣಗೆ ಮಣ್ಣು ಉದುರಿ ಕಲ್ಲಿನ ಕುಲಾವಿಯ ಮೇಲೆ ಬಿತ್ತು.

"ಹಿಡೀರಿ! ನಿಂದರಿಸ್ರಿ!" ಎಂದು ವೀರಭದ್ರಮ್ಮ ಕೂಗಿದಳು. ತಾನೇ ಮುಂದೆ ಬಂದು ತೊಟ್ಟಿಲನ್ನು ತಬ್ಬಿ ನಿಲ್ಲಿಸಿದಳು.

ಕಾವ್ಯಾಳಿಗೆ ತಾನು ಗೆದ್ದೆನೆಂಬ ಸಂತೋಷ ಒಂದಿಷ್ಟೂ ಆಗಲಿಲ್ಲ. "ಅತ್ತಿ, ಬಿದ್ದಿಲ್ಲಲ್ರಿ. ಮಣ್ಣು ಅಷ್ಟ ಉದುರೇದ," ಎಂದಳು.

ವೀರಭದ್ರಮ್ಮ ದೇವರ ಕೋಣೆಗೆ ಹೋದಳು. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಳು. ಆ ಕೊಂಡಿಯನ್ನು ನೋಡುತ್ತ ಒಂದು ವರ್ಷ ಕಳೆದಿದ್ದಳು. ಅದು ಕಳಚಿದರೆ ಅವನ ಕೈಯದು ಏನೂ ಉಳಿಯುವುದಿಲ್ಲ. ಆದರೆ ಅದನ್ನು ಅಲ್ಲಿಯೇ ಬಿಟ್ಟರೆ, ಇವತ್ತಲ್ಲ ನಾಳೆ, ತಾನಿಲ್ಲದ ಹೊತ್ತಿನಲ್ಲಿ ಯಾರೋ ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಬೀಳುವುದು ಕೂಸು. ಅವನಿದ್ದಿದ್ದರೆ ಏನು ಹೇಳುತ್ತಿದ್ದ? ಅದನ್ನು ಆಕೆ ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ.

ಹೊರಗೆ ಬಂದು ಮಗನನ್ನು ಕರೆದಳು. "ಪ್ರಸಾದ, ಆ ಸ್ಟ್ಯಾಂಡ್ ಬಿಚ್ಚಿ ನಿಂದರಿಸು. ಆಮ್ಯಾಲ ಹೋಗಿ ಬಡಿಗ್ಯಾರ ಹುಸೇನನ್ನ ಕರಕೊಂಡು ಬಾ. ಕೊಂಡಿ ಕಿತ್ತಿ ತಗೀಲಿ."

"ಯವ್ವಾ, ಕೊಂಡಿ ಇದ್ರ ಇರಲೇಳು. ತೊಟ್ಟಿಲ ಕಟ್ಟೋದು ಬ್ಯಾಡ, ಅಷ್ಟ."

"ಇದ್ರ ನನ್ನ ಮನಸು ಕಟ್ಟು ಅಂತದ. ಕಿತ್ತಿಸು."

ಬಸವಪ್ರಸಾದ ಗಾಡಿ ತೆಗೆದುಕೊಂಡು ಹೋದ. ಮಹಮ್ಮದ್ ಹುಸೇನ್ ಊರಿನ ಹಳೆಯ ಬಡಗಿ. ಆ ಬೀದಿಯ ಬಾಗಿಲು ಕಿಟಕಿಗಳಲ್ಲಿ ಅರ್ಧಕ್ಕರ್ಧ ಅವನು ಕೂಡಿಸಿದವೇ. ಬಂದವನು ಮಗುವನ್ನು ನೋಡಿ ಹಾರೈಸಿದ, ಕೊಟ್ಟ ಚಹಾ ಕುಡಿದ. ಏನು ಕೆಲಸ ಎಂದು ತಿಳಿದ ಮೇಲೆ ಲೋಟವನ್ನು ಕೆಳಗಿಟ್ಟು ಕೊಂಡಿಯನ್ನು ನೋಡಿದ. ಆಮೇಲೆ ವೀರಭದ್ರಮ್ಮನನ್ನು ನೋಡಿದ. ಮತ್ತೆ ಕೊಂಡಿಯನ್ನು ನೋಡಿದ.

"ಇದು ಕಿತ್ತಾಕ ಬರಂಗಿಲ್ರಿ ಅಮ್ಮಾರ."

"ಯಾಕ? ಅವರು ಬಡದಿದ್ದು. ಕೈಯಾಗ ಜಗ್ಗಿದ್ರೂ ಬಂದೀತು. ಮಣ್ಣು ಉದುರಾಕತ್ತದ."

"ಮಣ್ಣು ಅಟ್ಟದ ಹಲಗಿ ಸಂದ್ಯಾಗಿಂದು ರೀ. ಕೊಂಡಿದಲ್ಲ."

"ನಿನಗ ಹೆಂಗ ಗೊತ್ತು?"

ಹುಸೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅರೇ, ನಾನು ಸಾವ್ಕಾರ್ರಿಗಿ ಮಾತು ಕೊಟ್ಟೀನ್ರಿ. ಹೇಳಂಗಿಲ್ಲ ಅಂತ."

ವೀರಭದ್ರಮ್ಮ ಮಣೆಯ ಮೇಲೆ ಕುಳಿತಳು. "ಅವರು ಇಲ್ಲ ಹುಸೇನ್. ಕೂಸಿನ ಮಾತು ಇದು. ಹೇಳು."

ಅವನು ಹೇಳಿದ. ಆ ದಿನ ವಿರೂಪಣ್ಣ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೊಂಡಿ ಬಡಿದಿದ್ದ. ಕಡೆಗೆ ಗಟ್ಟಿಯಾಯಿತೆಂದು ಹಿಡಿದು ಜೋತುಬಿದ್ದಾಗ ಕೊಂಡಿ ಕೈಗೆ ಬಂತು, ಅವನು ನೆಲಕ್ಕೆ ಬಂದ. ಸೊಂಟ ಹಿಡಿದುಕೊಂಡು ನೇರವಾಗಿ ಹುಸೇನನ ಅಂಗಡಿಗೆ ನಡೆದ. ಹುಸೇನ್ ಬಂದು, ಅಟ್ಟದ ಮೇಲಿನ ಒಂದು ಹಲಗೆ ಎಬ್ಬಿಸಿ, ತೊಲೆಗೆ ಮೇಲಿನಿಂದ ಕೆಳಗಿನವರೆಗೆ ತೂತು ಕೊರೆದು, ಉದ್ದನೆಯ ಬೋಲ್ಟಿನ ಕೊಂಡಿಯನ್ನು ಕೆಳಗಿನಿಂದ ತೂರಿಸಿ, ಮೇಲೆ ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬಿಗಿದ. ಹಲಗೆ ಮುಚ್ಚಿ ಅದರ ಮೇಲೆ ಹಳೆಯ ಚೀಲಗಳನ್ನು ಒಟ್ಟಿದರು.

"'ನನ್ನ ಹೆಂಡತಿಗಿ ಹೇಳಬ್ಯಾಡ ಹುಸೇನಾ, ಸಾಯತನಕ ನಗ್ತಾಳ' ಅಂದ್ರು."

"ಸುಳ್ಳು!" ಎಂದಳು ವೀರಭದ್ರಮ್ಮ. "ನಾನ ಬಡದೀನಿ ಅಂತ ಬೀದಿಗೆಲ್ಲಾ ಹೇಳಿಕೊಂಡು ಅಡ್ಡಾಡಿದ್ರು!"

"ಬಡದಿದ್ದು ಖರೇನರಿ. ನಿಂತಿದ್ದು ನಂದು, ಅಷ್ಟ."

ಅಟ್ಟಕ್ಕೆ ಏಣಿ ಹಚ್ಚಿದರು. ಬಸವಪ್ರಸಾದ ಮೇಲೆ ಹೋಗಿ ಚೀಲ ಸರಿಸಿ ಹಲಗೆ ಎತ್ತಿದ. "ಯವ್ವಾ, ಅದ! ಅಂಗೈಯಗಲ ಪಟ್ಟಿ ಅದ!" ಎಂದು ಕೂಗಿದ. ವೀರಭದ್ರಮ್ಮ ಯಾರ ಮಾತೂ ಕೇಳದೆ, ಮೊಣಕಾಲು ನೋವನ್ನೂ ಕೇಳದೆ, ಏಣಿ ಹತ್ತಿ ತಲೆಯನ್ನಷ್ಟೇ ಅಟ್ಟದೊಳಗೆ ತೂರಿಸಿ ನೋಡಿದಳು. ಕೈ ಚಾಚಿ ಆ ತಣ್ಣಗಿನ ನಟ್ಟನ್ನು ಮುಟ್ಟಿದಳು. ಅಲುಗಿಸಿ ನೋಡಿದಳು. ಅದು ತೊಲೆಯೊಳಗೇ ಬೆಳೆದಿದೆಯೋ ಎಂಬಂತಿತ್ತು.

ಇಳಿದು ಬಂದ ಮೇಲೂ ಆಕೆಗೆ ಒಂದು ಅನುಮಾನ ಉಳಿದಿತ್ತು. "ತೂಗಿ ನೋಡಿದ್ರೇನು? ಸುಮ್ಮನ ಜೋತುಬಿದ್ದಾಗ ಒಂದು ಭಾರ, ತೂಗಿದಾಗ ಇನ್ನೊಂದು," ಎಂದಳು. ಕಾವ್ಯಾ ಅತ್ತೆಯ ಮುಖವನ್ನು ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ತೂಗಿದ್ವಿ ರೀ." ಹುಸೇನ್ ಈಗ ನಗುತ್ತಿದ್ದ. "ಕಲ್ಲು ಕಟ್ಟಿ ತೂಗಿ ನೋಡೋಣ ಅಂದೆ. 'ಕಲ್ಲು ಯಾಕ ಬೇಕಲೇ, ನಾ ಇಲ್ಲೇನು?' ಅಂದ್ರು. ಭತ್ತದ ಚೀಲ ಕಟ್ಟೋ ಹಗ್ಗ ಹಾಕಿ, ಕುಂದರಾಕ ಮಣಿ ಸಿಗಿಸಿ, ಜೋಕಾಲಿ ಮಾಡಿ ಕುಂತ್ರು. 'ದೂಡು' ಅಂದ್ರು. ದೂಡಿದೆ. 'ಇನ್ನಾ ಜೋರು' ಅಂದ್ರು. ಧೋತರ ಹಾರಿ ಮಾರಿ ಮುಚ್ಚಿತ್ರಿ. ಸಾಕು ಇಳೀರಿ ಸಾವ್ಕಾರ್ರ ಅಂದ್ರ, 'ಇನ್ನಾ ಪರೀಕ್ಷಾ ಮುಗದಿಲ್ಲ' ಅಂತಾರ. ಚಹಾದ ಹೊತ್ತು ಆಗೋತನಕ ಇಳೀಲೇ ಇಲ್ಲ!"

"ಎಷ್ಟು ಎತ್ತರ ಹೋಗಿದ್ರು?" ಎಂದು ಕೇಳಿದಳು ವೀರಭದ್ರಮ್ಮ.

ಹುಸೇನ್ ಎದ್ದು ನಿಂತು ಗೋಡೆಯ ಗೂಡಿಗಿಂತ ಮೇಲೆ ಕೈ ಇಟ್ಟು ತೋರಿಸಿದ. "ಇಲ್ಲಿ ತನಕ ಕಾಲು ಬಂದಿದ್ವು ರೀ."

ವೀರಭದ್ರಮ್ಮ ಆ ಜಾಗವನ್ನು ನೋಡಿದಳು. ಬಿಳಿ ಸುಣ್ಣದ ಗೋಡೆ, ಬೇರೆ ಏನೂ ಇಲ್ಲ. ದಪ್ಪ ಹೊಟ್ಟೆಯ, ವಿಭೂತಿ ಹಚ್ಚಿದ, ಊರಿನ ಹಿರಿಯನೆನಿಸಿಕೊಂಡ ಮನುಷ್ಯ ಮುಚ್ಚಿದ ಬಾಗಿಲ ಹಿಂದೆ ಧೋತರ ಹಾರಿಸಿಕೊಂಡು ಜೀಕುತ್ತಿರುವುದು ಆಕೆಯ ಕಣ್ಣಿಗೆ ಕಟ್ಟಿತು. ಹೊಟ್ಟೆಯೊಳಗಿಂದ ನಗು ಎದ್ದು ಬಂತು. ತಡೆಯಲು ಹೋದಳು, ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿಕೊಂಡು, ಕಣ್ಣೀರು ಸುರಿಯುವ ಹಾಗೆ ನಕ್ಕಳು. ಆಕೆಯನ್ನು ನೋಡಿ ಗೋಪಮ್ಮ ನಕ್ಕಳು, ವಿಜಯಲಕ್ಷ್ಮಿ ನಕ್ಕಳು. ಮಗು ಎಲ್ಲರ ಮುಖ ನೋಡಿ ಹಲ್ಲಿಲ್ಲದ ಬಾಯಿ ತೆರೆಯಿತು.

"ನನ್ನ ಮುಂದ ಹೇಳಿದ್ರ ನಾನೂ ಒಂದು ಸಲ ಕುಂದರ್ತಿದ್ದೆ," ಎಂದಳು ಕಡೆಗೆ. ಸ್ವಲ್ಪ ಸಿಟ್ಟೂ ಇತ್ತು ಆ ಮಾತಿನಲ್ಲಿ.

ಹೋದವರ ಬಗ್ಗೆ ಇನ್ನು ಹೊಸ ಸುದ್ದಿ ಬರುವುದಿಲ್ಲವೆಂದು ಆಕೆ ತಿಳಿದಿದ್ದಳು. ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ನೆನೆದು, ಅದೂ ಸವೆಯುತ್ತಿದೆಯೇನೋ ಎಂದು ಒಳಗೊಳಗೇ ಹೆದರಿದ್ದಳು. ಇವತ್ತು ಒಂದು ಹೊಸ ಸುದ್ದಿ ಬಂದಿತ್ತು.

ಹುಸೇನ್ ತೊಟ್ಟಿಲನ್ನು ಬಸವಪ್ರಸಾದನಿಂದ ಎತ್ತಿ ಹಿಡಿಸಿ, ಸರಪಳಿಯನ್ನು ಕಳಚಿ ಕೊಂಡಿಯ ಒಳಮೈಯನ್ನು ಬೆರಳಿನಿಂದ ಮುಟ್ಟಿದ. ಕಬ್ಬಿಣಕ್ಕೆ ಕಬ್ಬಿಣ ಒಣಗಿ ತಿಕ್ಕುತ್ತಿದೆ, ಕಿರ್ರೆನ್ನುವುದು ಅದಕ್ಕೇ ಎಂದು ಹೇಳಿ ಎಣ್ಣೆ ಕೇಳಿದ. ವೀರಭದ್ರಮ್ಮ ಕುಸುಬಿ ಎಣ್ಣೆಯ ಬಟ್ಟಲು ತಂದುಕೊಟ್ಟಳು. ಅವನು ಎಣ್ಣೆ ಹಚ್ಚಿ ಸರಪಳಿಯನ್ನು ಮತ್ತೆ ಸಿಗಿಸಿದ.

"ಆ ಸದ್ದಿನಾಗ ಸ್ವಲ್ಪ ಶ್ರಮ ಸೋರಿ ಹೋಗ್ತಿತ್ತು ಅತ್ತಿ," ಎಂದಳು ಕಾವ್ಯಾ. "ಈಗ ನಿಮಗ ತೂಗೋದು ಹಗುರಾಗ್ತದ. ಇನ್ನ ಮಾವನವರ ತೂಕ ಹಿಡದು, ಆ ಎತ್ತರ ಹಿಡದು ಲೆಕ್ಕ ಹಾಕಿದ್ರ, ನೀಲಾ ಈ ಕೊಂಡಿಗಿ..."

"ಲೆಕ್ಕ ಆಮ್ಯಾಲ ಹಾಕುವಂತಿ. ಕೂಸಿನ್ನ ಕೊಡು."

ಈ ಸಲ ಕಾವ್ಯಾ ತಡೆಯಲಿಲ್ಲ. ತಾನೇ ಗುಂಡಪ್ಪನನ್ನು ಎತ್ತಿ ಕೆಳಗಿಳಿಸಿ, ಕೌದಿ ಹಾಸಿ, ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ವೀರಭದ್ರಮ್ಮ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿದಳು. ಸ್ಟ್ಯಾಂಡು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಸಂಜೆಯ ಹೊತ್ತಿಗೆ ಯಾರೋ ಅದರ ಮೇಲೆ ಕೂಸಿನ ಒದ್ದೆ ಬಟ್ಟೆ ಹರವಿದರು.

ಊಟ ಮುಗಿಸಿ ವಿಜಯಲಕ್ಷ್ಮಿ ಜೀಪು ಹತ್ತಿ ದೇವದುರ್ಗಕ್ಕೆ ಹೊರಟಳು. ಹುಸೇನ್ ಕ್ಯಾಲೆಂಡರಿಗೂ ಒಂದು ಮೊಳೆ ಹೊಡೆದುಕೊಡುತ್ತೇನೆಂದ; ಅದು ಬೇಡ, ಗೋಡೆ ಹಾಗೇ ಇರಲಿ ಎಂದಳು ವೀರಭದ್ರಮ್ಮ. ಎಲ್ಲರೂ ಹೋದ ಮೇಲೆ ಕಂಬಕ್ಕೆ ಒರಗಿ ಕುಳಿತು ತೊಟ್ಟಿಲ ಹಗ್ಗ ಹಿಡಿದಳು. ಜೋರಾಗಿ ಎಳೆಯಬೇಕಾಗಿರಲಿಲ್ಲ. ತೊಟ್ಟಿಲು ತನ್ನ ಕಡೆ ಬಂದು ತಿರುಗುವ ಹೊತ್ತಿಗೆ ಬೆರಳಿನಷ್ಟು ಜಗ್ಗಿದರೆ ಸಾಕು, ಉಳಿದದ್ದನ್ನು ಅದು ತಾನೇ ನೋಡಿಕೊಳ್ಳುತ್ತಿತ್ತು. ಮೇಲಿನಿಂದ ಸದ್ದಿಲ್ಲ, ಮಣ್ಣಿಲ್ಲ.

"ನಿದ್ದಿ ಹತ್ತೇದ ಅತ್ತಿ. ಬಿಡ್ರಿ ಇನ್ನ," ಎಂದು ಕಾವ್ಯಾ ಒಳಗಿನಿಂದ ಮೆಲ್ಲಗೆ ಹೇಳಿದಳು.

ವೀರಭದ್ರಮ್ಮ ಹಗ್ಗ ಬಿಟ್ಟಳು. ತೊಟ್ಟಿಲು ಇನ್ನೂ ಬಹಳ ಹೊತ್ತು ತೂಗುತ್ತಿತ್ತು. ಅಷ್ಟಷ್ಟೇ ಕಡಿಮೆಯಾಗುತ್ತ, ಅವಸರವಿಲ್ಲದೆ. ಅದು ನಿಂತ ಮೇಲೆ ಏಳೋಣವೆಂದುಕೊಂಡು ನೋಡುತ್ತ ಕುಳಿತಳು. ಆದರೆ ಅದು ನಿಲ್ಲುವುದಕ್ಕೆ ಮೊದಲೇ, ಕಂಬಕ್ಕೆ ಒರಗಿದ ಹಾಗೆಯೇ, ಆಕೆಗೆ ನಿದ್ದೆ ಹತ್ತಿತು.